ಸಿಂಗಾಪುರ ನದಿಯ ದಂಡೆಯಲ್ಲಿ ಒಂದು ಸಂಜೆ: ನೀರು ಹರಿಯುವ ದಿಕ್ಕಿನಲ್ಲೇ ನಡೆಯಿರಿ

ಸಿಂಗಾಪುರಕ್ಕೆ ಹೋಗಿಬಂದವರಲ್ಲಿ ಹೆಚ್ಚಿನವರು ಅಲ್ಲಿನ ನದಿಯನ್ನು ನೋಡಿರುವುದು ಒಂದೇ ಜಾಗದಿಂದ. ಟೂರ್ ಬಸ್ಸು ಮರ್ಲಯನ್ ಪಾರ್ಕಿನ ಹತ್ತಿರ ಇಳಿಸುತ್ತದೆ, ಸಿಂಹದ ಬಾಯಿಂದ ನೀರು ಚಿಮ್ಮುವ ಫೋಟೋ ಆಗುತ್ತದೆ, ಅರ್ಧ ಗಂಟೆಯೊಳಗೆ ಬಸ್ಸು ಹೊರಡುತ್ತದೆ. ಆದರೆ ಅದು ನದಿ ಮುಗಿಯುವ ಜಾಗ. ನೋಡಬೇಕಾದ ನದಿ ಅಲ್ಲಿಂದ ಹಿಂದಕ್ಕೆ, ಪಶ್ಚಿಮಕ್ಕೆ, ಸುಮಾರು 3.2 ಕಿಲೋಮೀಟರ್ ಉದ್ದಕ್ಕೂ ಇದೆ. ಕಿಮ್ ಸೆಂಗ್ ಸೇತುವೆಯಿಂದ ಹೊರಟು, ನೀರು ಹರಿಯುವ ದಿಕ್ಕಿನಲ್ಲೇ ಸಮುದ್ರದ ಕಡೆ ನಡೆದರೆ ಹಳೆಯ ಗೋದಾಮುಗಳು, ಅಂಗಡಿಮನೆಗಳು, ನೂರು ವರ್ಷ ದಾಟಿದ ಸೇತುವೆಗಳು, ಆಮೇಲೆ ಕೊಲ್ಲಿಯ ಗಾಜಿನ ಗೋಪುರಗಳು ಒಂದಾದ ಮೇಲೊಂದು ಬರುತ್ತವೆ. ಊರು ಬೆಳೆದದ್ದೂ ಹೆಚ್ಚುಕಡಿಮೆ ಹೀಗೇ, ನದಿಯಿಂದ ಕೊಲ್ಲಿಗೆ. ಮೆಟ್ರೋ ಟಿಕೆಟ್ ಬಿಟ್ಟರೆ ಈ ನಡಿಗೆಗೆ ಕಾಸು ಖರ್ಚಿಲ್ಲ. ನಾಲ್ಕೂವರೆ ಗಂಟೆಯ ಬಿಡುವು, ಕಾಲಿಗೆ ಒಗ್ಗಿದ ಹಳೆಯ ಚಪ್ಪಲಿ ಅಥವಾ ಶೂ, ಒಂದು ನೀರಿನ ಬಾಟಲಿ ಇದ್ದರೆ ಸಾಕು.

ಮೊದಲು ಒಂದು ಉಚ್ಚಾರದ ಮಾತು. ಫಲಕಗಳಲ್ಲಿ ಬರೆದಿರುವುದನ್ನು ನಮ್ಮವರು 'ಕ್ಲಾರ್ಕ್ ಕ್ವೇ', 'ಬೋಟ್ ಕ್ವೇ' ಎಂದು ಓದುತ್ತಾರೆ. ಹಾಗೆ ಹೇಳಿದರೆ ಟ್ಯಾಕ್ಸಿಯವರಿಗೆ ಅರ್ಥವಾಗುವುದಿಲ್ಲ. ಅದು 'ಕೀ'. ಕ್ಲಾರ್ಕ್ ಕೀ, ಬೋಟ್ ಕೀ, ರಾಬರ್ಟ್‌ಸನ್ ಕೀ. ಮಂಗಳೂರು, ಕಾರವಾರದ ಕಡೆಯವರು ಧಕ್ಕೆ ಎನ್ನುತ್ತಾರಲ್ಲ, ದೋಣಿ ನಿಲ್ಲಿಸಿ ಸರಕು ಇಳಿಸುವ ಕಟ್ಟೆ, ಅದೇ ಇದು.

ಊರಲ್ಲೇ ಮುಗಿಸಬೇಕಾದ ಕೆಲಸ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸಿನ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಭಾರತೀಯರಿಗೆ ವೀಸಾ ಬೇಕು. ಅದರ ಜೊತೆಗೆ ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಫಾರಂ ತುಂಬಬೇಕು. ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಇದು ಉಚಿತ. ಇದನ್ನೇ ತುಂಬಿಕೊಡುತ್ತೇವೆಂದು ಹಣ ಕೇಳುವ ತಾಣಗಳು ಹುಡುಕಾಟದಲ್ಲಿ ಮೇಲೇ ಬರಬಹುದು. ಕಾರ್ಡ್ ನಂಬರ್ ಕೇಳಿದರೆ ಅದು ಸರಕಾರದ ತಾಣವಲ್ಲ ಎಂದು ತಿಳಿಯಿರಿ.

ಬ್ಯಾಂಕ್ ಕಾರ್ಡಿನ ವಿಷಯದಲ್ಲಿ ಎಡವುವವರು ಬಹಳ. ಸಿಂಗಾಪುರದ ಮೆಟ್ರೋ ಮತ್ತು ಬಸ್ಸುಗಳಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಗೇಟಿಗೆ ಮುಟ್ಟಿಸಿಯೇ ಹೋಗಬಹುದು, ಟಿಕೆಟಿಗೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಆದರೆ ನಮ್ಮ ಬ್ಯಾಂಕುಗಳು ಹೊಸ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನೂ ಕಾರ್ಡ್ ಮುಟ್ಟಿಸಿ ಪಾವತಿಸುವ ಸೌಲಭ್ಯವನ್ನೂ ಮುಚ್ಚಿಯೇ ಕೊಡುತ್ತವೆ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಈ ಎರಡನ್ನೂ ನೀವೇ ತೆರೆಯಬೇಕು. ಒಂದನ್ನು ತೆರೆದು ಇನ್ನೊಂದನ್ನು ಮರೆತರೆ ಗೇಟು ಕೆಂಪು ದೀಪ ತೋರಿಸುತ್ತದೆ. ವಿದೇಶಿ ಕಾರ್ಡಿಗೆ, ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಕಾರ್ಡ್ ಒಬ್ಬರಿಗೆ ಒಂದು. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲು ಆಗದು. ಒಳಗೆ ಹೋಗುವಾಗ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿ, ಹೊರಬರುವಾಗ ಅದೇ ಕಾರ್ಡನ್ನು ತುಂಬಿಸಿಟ್ಟ ಫೋನ್ ಮುಟ್ಟಿಸಿದರೆ ಗೇಟಿನ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಕಾರ್ಡು. ಒಂದು ಪ್ರಯಾಣ ಅರ್ಧಕ್ಕೆ ನಿಂತಂತಾಗಿ ದುಬಾರಿ ದರ ಕಟ್ ಆಗುತ್ತದೆ. ಯಾವುದರಿಂದ ಒಳಹೋದಿರೋ ಅದರಿಂದಲೇ ಹೊರಬನ್ನಿ. ಮನೆಯಲ್ಲಿ ಅಷ್ಟು ಕಾರ್ಡ್ ಇಲ್ಲದಿದ್ದರೆ ನಿಲ್ದಾಣದಲ್ಲಿ ಈಜಿ-ಲಿಂಕ್ ಎಂಬ ಪ್ರಯಾಣದ ಕಾರ್ಡ್ ಕೊಂಡರಾಯಿತು. 0.9 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ದೊಡ್ಡವರ ಜೊತೆ ಪ್ರಯಾಣ ಉಚಿತ.

ಗುಟ್ಕಾ, ಖೈನಿ, ಜರ್ದಾ, ಇ-ಸಿಗರೇಟ್, ಚ್ಯೂಯಿಂಗ್ ಗಮ್ ಯಾವುದನ್ನೂ ಕೊಂಡೊಯ್ಯಬೇಡಿ. ಜೇಬಿನಲ್ಲಿ ಮರೆತ ಒಂದು ಪೊಟ್ಟಣವೂ ತೊಂದರೆಗೆ ದಾರಿ.

ಹೊತ್ತಿನ ಲೆಕ್ಕ

ಸಮಭಾಜಕ ವೃತ್ತದ ಪಕ್ಕದ ಊರಾದ್ದರಿಂದ ವರ್ಷದ ಯಾವ ತಿಂಗಳಾದರೂ ಸೂರ್ಯ ಮುಳುಗುವುದು ಸಂಜೆ ಏಳರ ಆಸುಪಾಸಿನಲ್ಲೇ. ಈ ಒಂದು ಅನುಕೂಲದ ಮೇಲೆ ಇಡೀ ನಡಿಗೆಯನ್ನು ಹೊಂದಿಸಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ ನಡೆದಂತೆ. ಅಂಗಿ ಬೆನ್ನಿಗೆ ಅಂಟಿ, ಮಕ್ಕಳು ಅರ್ಧ ದಾರಿಗೇ ಕೂತುಬಿಡುತ್ತಾರೆ. ತೀರಾ ಕತ್ತಲಾದ ಮೇಲೆ ಹೊರಟರೆ ದೀಪ ಕಾಣುತ್ತದೆಯೇ ಹೊರತು ಕಟ್ಟಡಗಳ ಮುಖ ಕಾಣುವುದಿಲ್ಲ.

ನಾಲ್ಕೂವರೆಗೆ ಕಿಮ್ ಸೆಂಗ್ ಸೇತುವೆಯ ಹತ್ತಿರ ಇರಿ. ಐದೂಕಾಲರ ಹೊತ್ತಿಗೆ ಕ್ಲಾರ್ಕ್ ಕೀ, ಆರಕ್ಕೆ ಬೋಟ್ ಕೀ ಎದುರಿನ ದಂಡೆ, ಆರೂವರೆಗೆ ಕ್ಯಾವೆನಾ ಸೇತುವೆ, ಏಳಕ್ಕೆ ಮರ್ಲಯನ್, ಏಳು ಐವತ್ತಕ್ಕೆ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಎದುರಿನ ಮೆಟ್ಟಿಲು. ಎಂಟಕ್ಕೆ ಅಲ್ಲಿ ನೀರು-ಬೆಳಕಿನ ಪ್ರದರ್ಶನ, ಎಂಟೂಮುಕ್ಕಾಲಿಗೆ ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಇನ್ನೊಂದು. ಎರಡೂ ಉಚಿತ, ಎರಡನ್ನೂ ಒಂದೇ ಸಂಜೆಯಲ್ಲಿ ನೋಡಬಹುದು.

ನವೆಂಬರ್‌ನಿಂದ ಜನವರಿವರೆಗೆ ಮಳೆ ಹೆಚ್ಚು. ಉಳಿದ ತಿಂಗಳಲ್ಲೂ ಮಧ್ಯಾಹ್ನದ ಮೇಲೆ ಒಂದು ಜೋರು ಮಳೆ ಬಂದು ನಿಲ್ಲುವುದುಂಟು. ಗುಡುಗು ಶುರುವಾದರೆ ತೆರೆದ ದಂಡೆಯ ಮೇಲೆ ಮರದಡಿ ನಿಲ್ಲಬೇಡಿ, ಹತ್ತಿರದ ಅಂಗಡಿಮನೆಯ ಜಗಲಿಗೆ ಹೋಗಿ. ಹಳೆಯ ಸಿಂಗಾಪುರದ ಅಂಗಡಿಮನೆಗಳ ಮುಂದೆ ಐದಡಿ ಅಗಲದ ಮುಚ್ಚಿದ ಜಗಲಿ ಇರಲೇಬೇಕೆಂಬ ನಿಯಮ ಇಲ್ಲಿ ಬ್ರಿಟಿಷ್ ನೆಲೆ ಹೂಡಿದ ರಾಫಲ್ಸ್‌ನ ಕಾಲದ ನಗರ ಯೋಜನೆಯದು. ಬಿಸಿಲಿಗೂ ಮಳೆಗೂ ಅದು ಇಂದಿಗೂ ಆಸರೆ.

ಶುರು: ಗ್ರೇಟ್ ವರ್ಲ್ಡ್ ನಿಲ್ದಾಣ

ನಮ್ಮವರಲ್ಲಿ ಬಹಳಷ್ಟು ಮಂದಿ ಲಿಟಲ್ ಇಂಡಿಯಾದಲ್ಲಿ ಉಳಿದುಕೊಳ್ಳುತ್ತಾರೆ, ಹಾಗಾಗಿ ದಾರಿಯನ್ನು ಅಲ್ಲಿಂದಲೇ ಹೇಳುವುದು ಸರಿ. ಲಿಟಲ್ ಇಂಡಿಯಾದಿಂದ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನಿನಲ್ಲಿ ಹಾರ್ಬರ್‌ಫ್ರಂಟ್ ಕಡೆ ನಾಲ್ಕು ನಿಲ್ದಾಣ ಹೋಗಿ ಔಟ್ರಮ್ ಪಾರ್ಕಿನಲ್ಲಿ ಇಳಿಯಿರಿ. ಅಲ್ಲಿ ಕಂದು ಬಣ್ಣದ ಥಾಮ್ಸನ್–ಈಸ್ಟ್ ಕೋಸ್ಟ್ ಲೈನಿಗೆ ಬದಲಾಯಿಸಿ, ವುಡ್‌ಲ್ಯಾಂಡ್ಸ್ ನಾರ್ತ್ ಕಡೆ ಎರಡನೆಯ ನಿಲ್ದಾಣವೇ ಗ್ರೇಟ್ ವರ್ಲ್ಡ್. ಹೊರಬಂದು ಕಿಮ್ ಸೆಂಗ್ ರಸ್ತೆಯಲ್ಲಿ ಕೆಲವೇ ನಿಮಿಷ ನಡೆದರೆ ಸೇತುವೆ.

ಇಷ್ಟು ನಡೆಯಲಾಗದವರು ಔಟ್ರಮ್ ಪಾರ್ಕಿನವರೆಗೆ ಹೋಗದೆ, ಲಿಟಲ್ ಇಂಡಿಯಾದಿಂದ ಎರಡನೆಯ ನಿಲ್ದಾಣವಾದ ಕ್ಲಾರ್ಕ್ ಕೀಯಲ್ಲೇ ಇಳಿದು ಅಲ್ಲಿಂದ ಶುರುಮಾಡಬಹುದು. ನಡಿಗೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ತಪ್ಪಿಹೋಗುವುದು ರಾಬರ್ಟ್‌ಸನ್ ಕೀಯ ಶಾಂತಿ ಮಾತ್ರ.

ಸೇತುವೆಯಿಂದ ಇಳಿದು ನದಿಯ ಎಡದಂಡೆ, ಅಂದರೆ ಉತ್ತರದ ದಂಡೆ ಹಿಡಿಯಿರಿ. ಎಡದಂಡೆಯನ್ನೇ ಹೇಳುವುದಕ್ಕೆ ಕಾರಣ ಎರಡು. ಹೊಳೆಯ ಪ್ರಸಿದ್ಧ ನೋಟವಾದ ಬೋಟ್ ಕೀ ಬಲದಂಡೆಯ ಮೇಲಿದೆ, ಅದರ ಮೇಲೆಯೇ ನಿಂತರೆ ಅದು ಕಾಣುವುದಿಲ್ಲ, ಎದುರಿನಿಂದ ನೋಡಬೇಕು. ಎರಡನೆಯದು, ಹಳೆಯ ಸರಕಾರಿ ಕಟ್ಟಡಗಳು ಎಡಕ್ಕಿವೆ. ಮುಖ್ಯ ರಸ್ತೆಗಳ ಸೇತುವೆ ಬಂದಾಗ ಮೇಲೆ ಹತ್ತಿ ವಾಹನಗಳ ನಡುವೆ ದಾಟಬೇಡಿ. ಹೆಚ್ಚಿನ ಕಡೆ ಸೇತುವೆಯ ಅಡಿಯಲ್ಲೇ ನೀರಿನ ಪಕ್ಕ ದಾರಿಯಿದೆ.

ರಾಬರ್ಟ್‌ಸನ್ ಕೀಯಲ್ಲಿ ನಿಲ್ಲಬೇಕಾದ ಜಾಗ ಆಲ್ಕಾಫ್ ಸೇತುವೆ. 1997ರಲ್ಲಿ ಕಟ್ಟಿದ ಈ ಕಾಲುಸೇತುವೆಯ ಆಕಾರ ಹಿಂದೆ ಇಲ್ಲಿ ಓಡಾಡುತ್ತಿದ್ದ ಟಾಂಗ್‌ಕಾಂಗ್ ಎಂಬ ಸರಕು ದೋಣಿಯದು. ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ನೋಡಿದವರಿಗೆ ಆ ಹೊಟ್ಟೆಯ ಬಾಗು ತಕ್ಷಣ ಗುರುತು ಸಿಗುತ್ತದೆ. 2004ರಲ್ಲಿ ಫಿಲಿಪ್ಪೀನ್ಸ್‌ನ ಕಲಾವಿದೆ ಪಸೀಟಾ ಅಬಾದ್ ಇದಕ್ಕೆ 55 ಬಣ್ಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೃತ್ತಗಳನ್ನು ಬಳಿಸಿದರು. ಹತ್ತಿರದಲ್ಲೇ ಹಳೆಯ ಗೋದಾಮೊಂದರಲ್ಲಿ ಎಸ್‌ಟಿಪಿಐ ಎಂಬ ಮುದ್ರಣ ಕಲೆಯ ಕಾರ್ಯಾಗಾರ ಮತ್ತು ಗ್ಯಾಲರಿ ಇದೆ. ಒಳಗೆ ತಂಪಿದೆ, ಹತ್ತು ನಿಮಿಷ ಕೊಡಬಹುದು.

ಮುಂದೆ ಸಿಗುವ ಆರ್ಡ್ ಸೇತುವೆ 1886ರದು. ಸುತ್ತ ಸೇಂದಿ ಅಂಗಡಿಗಳಿದ್ದವೆಂದು ಜನ ಇದನ್ನು ಸೇಂದಿ ಸೇತುವೆ ಎನ್ನುತ್ತಿದ್ದರು. ಅದರ ಮುಂದಿನ ರೀಡ್ ಸೇತುವೆ 1889ರದು. ದಿನವಿಡೀ ಮೂಟೆ ಹೊತ್ತ ಚೀನೀ ಕೂಲಿಗಳು ಸಂಜೆ ಇಲ್ಲಿ ಗುಂಪುಗೂಡಿ, ತಮ್ಮ ತಿಯೊಚ್ಯೂ ಭಾಷೆಯಲ್ಲಿ ಕಥೆ ಹೇಳುವವರನ್ನು ಕೇಳುತ್ತಿದ್ದರು. ಈಗಲೂ ಸಂಜೆ ಹೊತ್ತು ಹರೆಯದವರು ಈ ಸೇತುವೆಯ ಮೇಲೆ ನೆಲಕ್ಕೇ ಕೂತು ಹರಟುವುದನ್ನು ನೋಡಬಹುದು.

ಕ್ಲಾರ್ಕ್ ಕೀಯಲ್ಲಿ ನಿಂತು ನೀರನ್ನು ನೋಡಿ

ಕ್ಲಾರ್ಕ್ ಕೀ ಎಂದರೆ ಐದು ಸಾಲು ಹಳೆಯ ಗೋದಾಮು. 1993ರಲ್ಲಿ ಅವನ್ನು ಅಂಗಡಿ, ಹೋಟೆಲುಗಳ ಬೀದಿಯಾಗಿ ತೆರೆದರು. ಬೀದಿಯ ನೆತ್ತಿಗೆ ಕೊಡೆಗಳ ಹಾಗೆ ಕಾಣುವ ಪಾರದರ್ಶಕ ಚಾವಣಿ ಬಂದದ್ದು 2006ರಲ್ಲಿ, ಬ್ರಿಟಿಷ್ ವಾಸ್ತುಶಿಲ್ಪಿ ವಿಲ್ ಆಲ್ಸಪ್ ಅವರ ವಿನ್ಯಾಸದಿಂದ. ಮಳೆ ಬಂದಾಗ ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗ ದಂಡೆಯ ಮೇಲಿಲ್ಲ. ಕುಡಿತ, ಕುಣಿತದ ಜಾಗವೆಂದು ಇದಕ್ಕೆ ಹೆಸರು. ಮಕ್ಕಳಿದ್ದರೆ ಕತ್ತಲಾಗುವ ಮೊದಲೇ ದಾಟಿಹೋಗಿ, ಸಂಜೆ ಐದೂವರೆಗೆ ಇಲ್ಲಿ ಗದ್ದಲವಿರುವುದಿಲ್ಲ.

ಇಲ್ಲಿ ಧಕ್ಕೆಯ ಅಂಚಿಗೆ ಬಂದು ನೀರನ್ನು ನೋಡಿ. ವಾಸನೆಯಿಲ್ಲ, ತೇಲುವ ಕಸವಿಲ್ಲ. 1970ರ ದಶಕದಲ್ಲಿ ಇದೇ ಜಾಗದಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಲು ಆಗುತ್ತಿರಲಿಲ್ಲ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದ ಗಡುವು ಹಾಕಿದರು: ಸಿಂಗಾಪುರ ನದಿ ಮತ್ತು ಕಲ್ಲಾಂಗ್ ಜಲಾನಯನ ಎರಡೂ ಶುದ್ಧವಾಗಬೇಕು. ಕೆಲಸ ಶುರುವಾದದ್ದು ಹೂಳೆತ್ತುವುದರಿಂದಲ್ಲ, ಕೊಳೆ ಎಲ್ಲಿಂದ ಬರುತ್ತದೆಂದು ಪಟ್ಟಿಮಾಡುವುದರಿಂದ. ಚರಂಡಿ ಸಂಪರ್ಕವಿಲ್ಲದ ಗುಡಿಸಲುಗಳು, ಬೀದಿಬದಿಯ ಅಡುಗೆ ಗಾಡಿಗಳು, ಮನೆಯ ಹಿಂದಿನ ಸಣ್ಣ ಕಾರ್ಖಾನೆಗಳು, ಆರುನೂರಕ್ಕೂ ಹೆಚ್ಚು ಹಂದಿ ಸಾಕಣೆ ಕೇಂದ್ರಗಳು, ಬಾತುಕೋಳಿ ಸಾಕಣೆಗಳು, ನೂರಾರು ಸರಕು ದೋಣಿಗಳು. ಸುಮಾರು 26 ಸಾವಿರ ಕುಟುಂಬಗಳಿಗೆ ಬೇರೆಡೆ ಮನೆ ಕೊಟ್ಟರು. ಐದು ಸಾವಿರದಷ್ಟು ಬೀದಿ ವ್ಯಾಪಾರಿಗಳನ್ನು ನಲ್ಲಿ, ಚರಂಡಿ ಇರುವ ಸೂರಿನಡಿಗೆ ತಂದರು. ಇವತ್ತು ಪ್ರವಾಸಿಗರು ಹುಡುಕಿಕೊಂಡು ಹೋಗುವ ಹಾಕರ್ ಸೆಂಟರ್ ಎಂಬ ಊಟದಂಗಡಿ ಸಂಕೀರ್ಣಗಳಲ್ಲಿ ಹಲವು ಹೀಗೆ ತುಂಬಿದವು. 1983ರಲ್ಲಿ ಸರಕು ದೋಣಿಗಳನ್ನು ಪಾಸಿರ್ ಪಂಜಾಂಗ್‌ಗೆ ಕಳಿಸಿದರು. ಆಮೇಲಷ್ಟೇ ತಳದ ಕೆಸರು ಎತ್ತಿದ್ದು. 1987ಕ್ಕೆ ಕೆಲಸ ಮುಗಿಯಿತು. ಬೆಂಗಳೂರಿನ ರಾಜಕಾಲುವೆಗಳ ಪಕ್ಕ ಬದುಕಿದವರಿಗೆ ಈ ಕ್ರಮದ ಬೆಲೆ ಗೊತ್ತಾಗುತ್ತದೆ. ಮೂಲ ಮುಚ್ಚದೆ ಹೂಳೆತ್ತಿದರೆ ಎರಡೇ ಮಳೆಗಾಲದಲ್ಲಿ ಮತ್ತೆ ಅದೇ ಹೂಳು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ತಲೆಮಾರುಗಳಿಂದ ಈ ಹೊಳೆಯನ್ನೇ ನಂಬಿದ್ದ ದೋಣಿಯವರ ಕಸುಬು ಇಲ್ಲಿಂದ ಎದ್ದುಹೋಯಿತು. ಈಗ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಬಂಬೋಟ್‌ಗಳು ಅವುಗಳದೇ ನೆನಪು. ಮುಂಭಾಗದಲ್ಲಿ ಬಣ್ಣದಲ್ಲಿ ಬರೆದ ಎರಡು ಕಣ್ಣು ಗಮನಿಸಿ. ದೋಣಿ ದಾರಿ ನೋಡಿಕೊಂಡು ಹೋಗಲಿ ಎಂದು ಬರೆಯುತ್ತಿದ್ದ ಕಣ್ಣುಗಳವು.

ದೋಣಿ ವಿಹಾರ ಬೇಕೆಂದರೆ ಕ್ಲಾರ್ಕ್ ಕೀ ಜೆಟ್ಟಿಯಲ್ಲೇ ಹತ್ತಬಹುದು. ಸುಮಾರು 40 ನಿಮಿಷದ ಸುತ್ತು, ಮರ್ಲಯನ್ ಮತ್ತು ಕೊಲ್ಲಿ ನೋಡಿಕೊಂಡು ಹತ್ತಿದ ಕಡೆಗೇ ಮರಳುತ್ತದೆ. ದೊಡ್ಡವರಿಗೆ 25ರಿಂದ 30 ಸಿಂಗಾಪುರ ಡಾಲರ್ ಆಸುಪಾಸು. ನಡೆಯುವವರಿಗೆ ಇದು ಅನಗತ್ಯ, ನಡೆದು ನೋಡುವುದನ್ನೇ ದೋಣಿಯಲ್ಲಿ ಕೂತು ಮತ್ತೆ ನೋಡಿದಂತೆ. ಆದರೆ ಅಪ್ಪ ಅಮ್ಮನನ್ನೋ, ಮಂಡಿನೋವಿನ ಅತ್ತೆಯನ್ನೋ ಕರೆತಂದಿದ್ದರೆ ಯೋಚನೆಯೇ ಬೇಡ, ದೋಣಿಯೇ ಸರಿ. ಅವರಿಗೆ ಸೂರ್ಯ ಮುಳುಗುವ ಹೊತ್ತಿನ ದೋಣಿ ಹಿಡಿಯಿರಿ. ಹೋಗುವಾಗ ಬೆಳಕು, ಬರುವಾಗ ದೀಪ, ಎರಡೂ ಸಿಗುತ್ತದೆ. ಕತ್ತಲಾದ ಮೇಲೆ ಸಾಲು ಉದ್ದ. ಹಿಂಭಾಗದ ತೆರೆದ ಜಾಗದಲ್ಲಿ ಗಾಳಿ ಚೆನ್ನಾಗಿರುತ್ತದೆ, ಮೊದಲು ಹತ್ತಿದವರಿಗೆ ಅದು. ಮಿಂಚು ಗುಡುಗಿದ್ದರೆ ದೋಣಿ ಬಿಡುವುದಿಲ್ಲ, ಹಾಗಾಗಿ ಮೋಡ ಕಟ್ಟಿದ ದಿನ ಮುಂಗಡ ಟಿಕೆಟ್ ಬೇಡ.

ಹಳೆಯ ಕಟ್ಟಡಗಳ ದಂಡೆ

ಕ್ಲಾರ್ಕ್ ಕೀ ದಾಟುತ್ತಲೇ ಎಡಕ್ಕೆ ಕಾಮನಬಿಲ್ಲಿನ ಬಣ್ಣದ ಕಿಟಕಿಗಳ ದೊಡ್ಡ ಕಟ್ಟಡ. 1934ರ ಹಳೆಯ ಹಿಲ್ ಸ್ಟ್ರೀಟ್ ಪೊಲೀಸ್ ಠಾಣೆ ಅದು, ಕಿಟಕಿಗಳು 927. ಎಲ್ಗಿನ್ ಸೇತುವೆಯ ಅಡಿಯಿಂದ ಆಚೆ ಬಂದರೆ ಎದುರು ದಂಡೆಯಲ್ಲಿ ಬೋಟ್ ಕೀ ಪೂರ್ತಿ ತೆರೆದುಕೊಳ್ಳುತ್ತದೆ. ಹೊಳೆ ಇಲ್ಲಿ ಹೊಟ್ಟೆಯ ಹಾಗೆ ಉಬ್ಬಿ ತಿರುಗುತ್ತದೆ. ಚೀನೀ ವ್ಯಾಪಾರಿಗಳ ಕಣ್ಣಿಗೆ ಅದು ಮೀನಿನ ಹೊಟ್ಟೆಯಂತೆ ಕಂಡು, ಸಂಪತ್ತು ತರುವ ಜಾಗವೆಂದು ಇಲ್ಲೇ ಅಂಗಡಿ ಹಾಕಿದರು. ಎರಡು ಮೂರು ಮಹಡಿಯ ಅಂಗಡಿಮನೆಗಳ ಸಾಲು, ಅವುಗಳ ಬೆನ್ನಿಗೆ ಆಕಾಶ ಮುಟ್ಟುವ ಬ್ಯಾಂಕ್ ಗೋಪುರಗಳು. ಈ ಸಾಲನ್ನು 1989ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸದೇ ಹೋಗಿದ್ದರೆ ಗೋಪುರಗಳು ನೀರಿನವರೆಗೂ ಬಂದಿರುತ್ತಿದ್ದವು. ಫೋಟೋಕ್ಕೆ ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಜೆಯ ಸೂರ್ಯ ಪಶ್ಚಿಮದಿಂದ ಹೊಳೆಯುದ್ದಕ್ಕೂ ಬಿದ್ದು ಗೋಡೆಗಳ ಬಣ್ಣ ಏಳುತ್ತದೆ.

ನೀವು ನಿಂತ ದಂಡೆಯಲ್ಲಿ ರಾಫಲ್ಸ್‌ನ ಬಿಳಿ ಪ್ರತಿಮೆ ಇದೆ. 1819ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬಂದಿಳಿದನೆಂದು ಹೇಳುವ ಜಾಗ ಅದು. ಪ್ರತಿಮೆಯ ಸುತ್ತ ಸದಾ ಜನ. ಅದಕ್ಕಿಂತ ನಮ್ಮವರು ನೋಡಲೇಬೇಕಾದದ್ದು ಎಂಪ್ರೆಸ್ ಪ್ಲೇಸ್‌ನಲ್ಲಿ ಹೆಚ್ಚು ಜನ ಗಮನಿಸದೆ ಹೋಗುವ ಒಂದು ಬಿಳಿ ಸ್ತಂಭ. 1850ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದಾಗಿನ ನೆನಪಿಗೆ ನಿಲ್ಲಿಸಿದ್ದು. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂದು ಸಂಸ್ಥಾನಗಳನ್ನು ನುಂಗಿದ ಅದೇ ಡಾಲ್‌ಹೌಸಿ. 1867ರವರೆಗೆ ಸಿಂಗಾಪುರದ ಆಡಳಿತ ಭಾರತದಿಂದಲೇ ನಡೆಯುತ್ತಿತ್ತು. ಸ್ತಂಭದ ನಾಲ್ಕು ಮುಖಗಳಲ್ಲಿ ನಾಲ್ಕು ಭಾಷೆಯ ಬರಹವಿದೆ, ಅದರಲ್ಲೊಂದು ತಮಿಳು. ಸಮೀಪದಲ್ಲೇ ನದಿಯ ಕಡೆಗೆ ಚೆಟ್ಟಿಯಾರ್ ಲೇವಾದೇವಿಗಾರನ ಕಂಚಿನ ಶಿಲ್ಪವೂ ಇದೆ. ನದಿಬದಿಯ ವ್ಯಾಪಾರಕ್ಕೆ ಸಾಲದ ಹಣ ಓಡಿಸಿದವರಲ್ಲಿ ತಮಿಳುನಾಡಿನ ಚೆಟ್ಟಿಯಾರರು ಮುಖ್ಯರು.

ಶುಕ್ರವಾರವಾದರೆ ಪಕ್ಕದ ಏಷ್ಯನ್ ಸಿವಿಲೈಸೇಶನ್ಸ್ ಮ್ಯೂಸಿಯಂ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಉಳಿದ ದಿನ ಏಳಕ್ಕೆ ಮುಚ್ಚುತ್ತದೆ. ಟಿಕೆಟ್ ಇದೆ. ಒಂಬತ್ತನೆಯ ಶತಮಾನದಲ್ಲಿ ಚೀನಾದಿಂದ ಪಶ್ಚಿಮಕ್ಕೆ ಹೊರಟು ಮುಳುಗಿದ ಹಡಗಿನ ಸರಕು, ಸಾವಿರಾರು ಪಿಂಗಾಣಿ ಬಟ್ಟಲು, ಒಂದು ಇಡೀ ಕೋಣೆಯ ತುಂಬ ಇದೆ. ಇದನ್ನು ನಡಿಗೆಯ ನಡುವೆ ತುರುಕಬೇಡಿ. ಎರಡು ಗಂಟೆಯಾದರೂ ಬೇಕು, ಬೇರೆ ದಿನ ಬೆಳಿಗ್ಗೆ ಹೋಗಿ.

ಇಲ್ಲಿಂದ ಐದು ನಿಮಿಷ ಬಳಸಿದರೆ ಎಸ್‌ಪ್ಲನೇಡ್ ಪಾರ್ಕ್. ಅಲ್ಲಿ ಆಜಾದ್ ಹಿಂದ್ ಫೌಜ್ ಸ್ಮಾರಕ ಇದ್ದ ಜಾಗಕ್ಕೆ ಗುರುತಿನ ಫಲಕವಿದೆ. 1945ರ ಜುಲೈನಲ್ಲಿ ಸುಭಾಷ್ ಚಂದ್ರ ಬೋಸರು ಅಡಿಗಲ್ಲು ಹಾಕಿದ ಸ್ಮಾರಕವನ್ನು ಮರಳಿ ಬಂದ ಬ್ರಿಟಿಷರು ಅದೇ ವರ್ಷ ಕೆಡವಿದರು. ಈಗಿನ ಫಲಕ 1995ರದು. ಟೂರ್ ಬಸ್ಸಿನವರು ಇಲ್ಲಿಗೆ ಕರೆತರುವುದು ಅಪರೂಪ, ನೀವೇ ಹೋಗಬೇಕು.

ಮತ್ತೆ ನದಿಗೆ ಬಂದು ಕ್ಯಾವೆನಾ ಸೇತುವೆಯ ಮೇಲೆ ಬಲದಂಡೆಗೆ ದಾಟಿ. 1869ರದು, ಗ್ಲಾಸ್ಗೋದಲ್ಲಿ ಮಾಡಿಸಿ ತಂದ ಕಬ್ಬಿಣ. ಮೂರು ಹಂಡ್ರೆಡ್‌ವೇಟ್, ಅಂದರೆ ಸುಮಾರು 152 ಕಿಲೋಗಿಂತ ಭಾರದ ಗಾಡಿಗಳಿಗೂ ದನ, ಕುದುರೆಗಳಿಗೂ ಪ್ರವೇಶವಿಲ್ಲವೆಂಬ ಹಳೆಯ ಫಲಕ ಇನ್ನೂ ಅಲ್ಲೇ ಇದೆ. ಸೇತುವೆ ತಗ್ಗಾಗಿರುವುದನ್ನು ನೋಡಿ. ಭರತದ ನೀರು ಏರಿದಾಗ ಸರಕು ದೋಣಿಗಳು ಇದರಡಿ ನುಸುಳಲಾಗದೆ ಇಳಿತಕ್ಕೆ ಕಾದು ನಿಲ್ಲುತ್ತಿದ್ದವು. ಈಗ ಏರಿಳಿತವೇ ಇಲ್ಲ. 2008ರಲ್ಲಿ ಕೊಲ್ಲಿಯ ಬಾಯಿಗೆ ಮರೀನಾ ಬ್ಯಾರೇಜ್ ಎಂಬ 350 ಮೀಟರ್ ಉದ್ದದ ಕಟ್ಟೆ ಬಂತು, ಸಮುದ್ರದ ನೀರು ಒಳಬರುವುದು ನಿಂತಿತು, ಮಳೆನೀರು ತುಂಬಿ ಉಪ್ಪು ತೊಳೆದುಹೋಯಿತು. ನೀವು ನೋಡುತ್ತಿರುವ ಹೊಳೆ ಈಗ ಊರಿಗೆ ಕುಡಿಯುವ ನೀರಿನ ಜಲಾಶಯದ ಭಾಗ. ಅದಕ್ಕೇ ಇದರಲ್ಲಿ ಕಸ ಎಸೆಯುವುದು, ಇಳಿಯುವುದು ಯಾವುದನ್ನೂ ಹಗುರಾಗಿ ನೋಡುವುದಿಲ್ಲ.

ಸೇತುವೆ ಇಳಿದ ಕೂಡಲೇ ಧಕ್ಕೆಯ ಅಂಚಿನಲ್ಲಿ ಐವರು ಹುಡುಗರು ನೀರಿಗೆ ಹಾರುತ್ತಿರುವ ಕಂಚಿನ ಶಿಲ್ಪ. ಚೊಂಗ್ ಫಾ ಚಿಯೊಂಗ್ ಅವರ ಕೃತಿ. ಊರಿನ ಕೆರೆಗೆ ಹಾರಿ ಬೆಳೆದ ಯಾರಿಗಾದರೂ ಅಲ್ಲಿಂದ ಕಾಲು ಕೀಳುವುದು ಕಷ್ಟ.

ಕೊಲ್ಲಿಯ ಸುತ್ತ

1928ರಲ್ಲಿ ಅಂಚೆ ಕಚೇರಿಗೆಂದು ಕಟ್ಟಿ ಈಗ ಹೋಟೆಲಾಗಿರುವ ಫುಲ್ಲರ್ಟನ್ ಕಟ್ಟಡದ ಪಕ್ಕದಿಂದ ರಸ್ತೆಯಡಿಯ ದಾರಿ ಹಿಡಿದರೆ ಮರ್ಲಯನ್ ಪಾರ್ಕ್. 8.6 ಮೀಟರ್ ಎತ್ತರದ ಈ ಪ್ರತಿಮೆ 1972ರದು. ಮೊದಲು ನದಿಯ ಬಾಯಲ್ಲಿತ್ತು. 1997ರಲ್ಲಿ ಎಸ್‌ಪ್ಲನೇಡ್ ಸೇತುವೆ ಎದುರಿಗೆ ಬಂದು ನೋಟ ಮುಚ್ಚಿತೆಂದು 2002ರಲ್ಲಿ ಇಲ್ಲಿಗೆ ತಂದರು. ಪ್ರತಿಮೆಯ ಬುಡದಲ್ಲಿ ಫೋಟೋಕ್ಕೆ ನೂಕುನುಗ್ಗಲು. ಅಲ್ಲಿ ಒದ್ದಾಡದೆ ನೇರವಾಗಿ ಪಕ್ಕದ ಜುಬಿಲಿ ಕಾಲುಸೇತುವೆಗೆ ನಡೆಯಿರಿ. ಸೇತುವೆಯ ಮೇಲಿಂದ ಪ್ರತಿಮೆ, ನೀರು, ಹಿಂದಿನ ಗೋಪುರಗಳು ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ, ಮುಂದೆ ಯಾರ ತಲೆಯೂ ಅಡ್ಡ ಬರುವುದಿಲ್ಲ. ಏಳೂಕಾಲರ ಹೊತ್ತಿಗೆ ಆಕಾಶ ಇನ್ನೂ ಕಡುನೀಲಿ, ದೀಪಗಳು ಹೊತ್ತಿರುತ್ತವೆ. ಕಾಲು ಗಂಟೆ ಮಾತ್ರ ಇರುವ ಬೆಳಕು ಅದು.

ಸೇತುವೆ ದಾಟಿದರೆ ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳಾದ ಎಸ್‌ಪ್ಲನೇಡ್ ರಂಗಮಂದಿರ. ಶೌಚಾಲಯ ಬೇಕಾದವರು ಇಲ್ಲೇ ಮುಗಿಸಿಕೊಳ್ಳಿ, ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಮುಂದೆ ತೇಲುವ ವೇದಿಕೆ ಇದ್ದಲ್ಲಿ ಎನ್‌ಎಸ್ ಸ್ಕ್ವೇರ್ ಕಾಮಗಾರಿ ಇರುವುದರಿಂದ ದಾರಿ ಬಳಸಬೇಕಾಗಬಹುದು, ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ತಿರುಚಿದ ಉಕ್ಕಿನ ಹೀಲಿಕ್ಸ್ ಸೇತುವೆ ದಾಟಿ, ಬಲಕ್ಕೆ ನೀರಂಚಿನಲ್ಲೇ ನಡೆದು ಮರೀನಾ ಬೇ ಸ್ಯಾಂಡ್ಸ್ ಎದುರಿನ ಈವೆಂಟ್ ಪ್ಲಾಜಾದ ಮೆಟ್ಟಿಲ ಮೇಲೆ ಕೂರಿ.

ಸ್ಪೆಕ್ಟ್ರಾ ಎಂಬ ಇಲ್ಲಿನ ನೀರು-ಬೆಳಕಿನ ಪ್ರದರ್ಶನ ದಿನವೂ ಎಂಟು ಮತ್ತು ಒಂಬತ್ತಕ್ಕೆ, ಶುಕ್ರವಾರ ಶನಿವಾರ ಹತ್ತಕ್ಕೂ ಉಂಟು. ಹದಿನೈದು ನಿಮಿಷ. ಮರ್ಲಯನ್ ಕಡೆಯಿಂದ ನೋಡಿದರೆ ಗೋಪುರದಿಂದ ಹೊರಡುವ ಲೇಸರ್ ಕಿರಣಗಳಷ್ಟೇ ಕಾಣುತ್ತವೆ. ನೀರಿನ ಪರದೆಯ ಮೇಲೆ ಮೂಡುವ ಚಿತ್ರಗಳು ಕಾಣುವುದು ಪ್ಲಾಜಾದ ಮೆಟ್ಟಿಲಿನಿಂದ ಮಾತ್ರ. ತೀರ ಮುಂದೆ ಕೂತರೆ ಗಾಳಿಗೆ ಹನಿ ಬಂದು ಕ್ಯಾಮೆರಾ ಒದ್ದೆಯಾಗುತ್ತದೆ. ಎಂಟೂಕಾಲಿಗೆ ಎದ್ದು, ಶಾಪಿಂಗ್ ಮಾಲ್ ಮೂಲಕ ಬೇಫ್ರಂಟ್ ನಿಲ್ದಾಣದ ನೆಲಮಾಳಿಗೆ ದಾರಿ ಹಿಡಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗಾರ್ಡನ್ಸ್ ಬೈ ದ ಬೇಯ ಸೂಪರ್‌ಟ್ರೀ ಎಂಬ ಮರದಾಕಾರದ ಗೋಪುರಗಳ ಬುಡ. ಎಂಟೂಮುಕ್ಕಾಲರ ಪ್ರದರ್ಶನಕ್ಕೆ ಜನ ನೆಲದ ಮೇಲೆ ಮಲಗಿಯೇ ನೋಡುತ್ತಾರೆ. ನೀವೂ ಹಾಗೇ ಮಾಡಿ, ಕತ್ತು ಉಳಿಯುತ್ತದೆ.

ಹೊಟ್ಟೆಯ ಮಾತು

ದಂಡೆಯ ಹೋಟೆಲುಗಳ ದರಪಟ್ಟಿಯಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಶೇ 10 ಸೇವಾಶುಲ್ಕ, ಅದರ ಮೇಲೆ ಶೇ 9 ತೆರಿಗೆ ಸೇರುತ್ತದೆಂದು ಅರ್ಥ. 20 ಡಾಲರಿನ ಊಟ 23.98 ಆಗುತ್ತದೆ. ಬೋಟ್ ಕೀಯಲ್ಲಿ ಕೈಹಿಡಿದು ಕರೆಯುವವರಿದ್ದಾರೆ. ಏಡಿ, ಮೀನಿನ ಬೆಲೆ ಬರೆದಿರುವುದು 100 ಗ್ರಾಂಗೆ. 100 ಗ್ರಾಂಗೆ ಹತ್ತು ಡಾಲರ್ ಎಂದರೆ ಒಂದೂಕಾಲು ಕಿಲೋ ಏಡಿಗೆ 125 ಡಾಲರ್. ತೂಕ ಹಾಕಿಸಿ, ಒಟ್ಟು ಎಷ್ಟೆಂದು ಬಾಯಲ್ಲಿ ಹೇಳಿಸಿಕೊಂಡು ಆಮೇಲೆ ಒಪ್ಪಿ. ಕೇಳದೆ ತಂದಿಡುವ ಕಡಲೆಕಾಯಿ, ಒದ್ದೆ ಟಿಶ್ಯೂಗೂ ಬಿಲ್ ಬರುತ್ತದೆ, ಬೇಡವಾದರೆ ಆಗಲೇ ವಾಪಸ್ ಕಳಿಸಿ.

ಹಾಕರ್ ಸೆಂಟರಿನಲ್ಲಿ ಸೇವಾಶುಲ್ಕವಿಲ್ಲ. ಬೋಟ್ ಕೀಯಿಂದ ನಡೆದು ಹೋಗುವಷ್ಟು ದೂರದಲ್ಲಿ ಲಾವ್ ಪಾ ಸಾತ್ ಎಂಬ ಎಂಟುಮೂಲೆಯ ಹಳೆಯ ಮಾರುಕಟ್ಟೆಯಿದೆ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಆ ಜಾಗ ಯಾರದೋ, ಕೂರಬೇಡಿ. ತಿಂದ ತಟ್ಟೆಯನ್ನು ನೀವೇ ಎತ್ತಿ ನಿಗದಿತ ಜಾಗದಲ್ಲಿಡಬೇಕು, ಬಿಟ್ಟುಹೋದರೆ ದಂಡ.

ಸಸ್ಯಾಹಾರಿಗಳು ಜಾಗ್ರತೆ. ಬರೀ ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಬೆಲಚಾನ್ ಎಂಬ ಸಿಗಡಿ ಹಿಂಡಿ ಅಥವಾ ಮೀನಿನ ಸಾಸ್ ಇರುತ್ತದೆ, ಸಂಬಾಲ್ ಚಟ್ನಿಯಲ್ಲಂತೂ ಸಾಮಾನ್ಯ. 'ವೆಜಿಟೇರಿಯನ್' ಎಂದಷ್ಟೇ ಹೇಳದೆ 'ನೋ ಎಗ್, ನೋ ಫಿಶ್ ಸಾಸ್, ನೋ ಬೆಲಚಾನ್' ಎಂದು ಬಿಡಿಸಿ ಹೇಳಿ. ಪರೋಟದಂಥ ರೋಟಿ ಪ್ರಾಟಾ ಜೊತೆ ಮೀನಿನ ಸಾರು ಕೊಡುವುದುಂಟು, ದಾಲ್ ಕೇಳಿ ಪಡೆಯಿರಿ, ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೋ ಎಂದೂ ವಿಚಾರಿಸಿ. ಕಾಫಿಪ್ರಿಯರಿಗೆ ಒಂದು ಸುಳಿವು: ಬರೇ 'ಕೋಪಿ' ಎಂದರೆ ಸಿಹಿ ಗಟ್ಟಿಹಾಲಿನದು, ನಮ್ಮ ನಾಲಿಗೆಗೆ ಪಾಯಸದಷ್ಟು ಸಿಹಿ. 'ಕೋಪಿ ಸಿ ಸಿಯು ದಾಯ್' ಎಂದು ಕೇಳಿದರೆ ಸಪ್ಪೆ ಗಟ್ಟಿಹಾಲು, ಕಡಿಮೆ ಸಕ್ಕರೆ. ಫಿಲ್ಟರ್ ಕಾಫಿಗೆ ಅದೇ ಹತ್ತಿರ.

ನಡಿಗೆಯ ದಿನ ಸಂಜೆ ನಾಲ್ಕರ ಮೊದಲು ಹೊಟ್ಟೆ ತುಂಬಿಸಿಕೊಂಡು ಹೊರಡಿ, ಚೀಲದಲ್ಲಿ ಚಕ್ಕುಲಿಯೋ ಹಣ್ಣೋ ಇರಲಿ. ಮೆಟ್ರೋ ಒಳಗೆ ಮಾತ್ರ ಏನನ್ನೂ ಬಾಯಿಗೆ ಹಾಕಬೇಡಿ, ನೀರನ್ನೂ ಕೂಡ. 500 ಡಾಲರ್‌ವರೆಗೆ ದಂಡವಿದೆ. ನಮ್ಮ ಎಂಟಿಆರ್ 2013ರಲ್ಲಿ ಸೆರಂಗೂನ್ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ ಹೋಟೆಲು ತೆರೆದಿದೆ. ಫ್ಯಾರರ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬೇಕು. ರವೆ ಇಡ್ಲಿಗೆ ಮರುದಿನ ಬೆಳಿಗ್ಗೆ ಹೋಗುವುದು ವಾಸಿ.

ವಾಪಸಾಗಲು ಬೇಫ್ರಂಟ್‌ನಿಂದ ನೀಲಿ ಬಣ್ಣದ ಡೌನ್‌ಟೌನ್ ಲೈನ್ ಹಿಡಿಯಿರಿ. ಬುಕಿಟ್ ಪಂಜಾಂಗ್ ಎಂದು ಬರೆದ ಕಡೆಯ ರೈಲು. ಪ್ರಾಮೆನೇಡ್, ಬೂಗಿಸ್, ರೋಚೋರ್, ನಾಲ್ಕನೆಯದು ಲಿಟಲ್ ಇಂಡಿಯಾ. ಎದುರು ದಿಕ್ಕಿನ ರೈಲೂ ಅದೇ ನೀಲಿ ಬಣ್ಣದ್ದು. ಹತ್ತುವ ಮೊದಲು ಪ್ಲಾಟ್‌ಫಾರಂ ಫಲಕದ ಕೊನೆಯ ನಿಲ್ದಾಣದ ಹೆಸರು ಓದಿಕೊಳ್ಳಿ. ಒಂಬತ್ತೂಕಾಲಿಗೆ ಹತ್ತಿದರೆ ಒಂಬತ್ತೂವರೆಯ ಹೊತ್ತಿಗೆ ಲಿಟಲ್ ಇಂಡಿಯಾ ತಲುಪುತ್ತೀರಿ. ಆಗ ಸಿಕ್ಕ ಮೊದಲ ಹೋಟೆಲಿಗೆ ಹೋಗಿ. ತಿಂಡಿ ಹೋಟೆಲುಗಳಲ್ಲಿ ಕೆಲವು ಹತ್ತರೊಳಗೆ ಒಲೆ ಆರಿಸುತ್ತವೆ.